ನಮ್ಮಲ್ಲಿ ರೋಗ ಇದೆ

ನನ್ನ ಹೆಂಡತಿಗೆ ನಮ್ಮಮ್ಮ ಇಟ್ಟ ಹೆಸರು ಬೆಂಕಿಪೊಟ್ಟಣ. ಆಳು ಗಿಡ್ಡ, ಜೇಬಿನಲ್ಲಿಟ್ಟುಕೊಂಡು ಹೋಗಬಹುದು ಅನ್ನುವಷ್ಟು. ಆದರೆ ಯಾವ ಕಡೆಯಿಂದ ಗೀರಿದರೂ ಹತ್ತಿಕೊಳ್ಳುತ್ತಾಳೆ. ಮದುವೆಯಾದ ಹೊಸತರಲ್ಲಿ ಅಮ್ಮ ಅದನ್ನು ಬೈಗುಳದ ಹಾಗೆ ಹೇಳುತ್ತಿದ್ದಳು. ಆಮೇಲೆ ಅತ್ತೆ ಸೊಸೆ ಇಬ್ಬರೂ ಸೇರಿ ಹಂದಿ ಫಾರಂ ಶುರು ಮಾಡಿದರು, ಬೈಗುಳ ಹಾಗೇ ಮುದ್ದಿನ ಹೆಸರಾಗಿಬಿಟ್ಟಿತು.

ನಾನು ವೆಲ್ಡಿಂಗ್ ಕೆಲಸದವನು. ರಸ್ತೆಗೆ ಮುಖ ಮಾಡಿ ನನ್ನ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಅವರ ಫಾರಂ. ಹಂದಿಗಳ ವಿಷಯದಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಬಾಗಿದ ಕಂಬಿ, ಕಿತ್ತುಹೋದ ಚಿಲಕ, ತೂತುಬಿದ್ದ ನೀರಿನ ಪೈಪು, ಇಷ್ಟೇ ನನ್ನ ಸಾಮ್ರಾಜ್ಯ.

ಚಳಿ ಶುರುವಾಗಿದ್ದ ಒಂದು ಬೆಳಿಗ್ಗೆ ಅವಳು ಫಾರಮ್ಮಿನಿಂದ ನನ್ನನ್ನು ಕೂಗಿದ ರೀತಿಯಲ್ಲೇ ಇದು ಕಂಬಿಯ ವಿಷಯ ಅಲ್ಲ ಅಂತ ಗೊತ್ತಾಯಿತು.

ಮರಿ ಹಾಕಿದ ಹಂದಿಗಳಿಗೆ ಬೇರೆಯೇ ಒಂದು ಕೋಣೆ ಇದೆ. ಸಾಲಾಗಿ ತಾಯಂದಿರು, ಒಂದೊಂದರ ಪಕ್ಕದಲ್ಲೂ ಮರಿಗಳು ಬೆಚ್ಚಗಿರಲಿ ಅಂತ ಇಳಿಬಿಟ್ಟ ಕೆಂಪು ಬಲ್ಬು. ಯಾವಾಗ ಬಾಗಿಲು ತೆಗೆದರೂ ಅಲ್ಲಿ ಸಂತೆಯ ಗದ್ದಲ ಇರುತ್ತಿತ್ತು. ಅವತ್ತು ಬಲ್ಬಿನ ಗುಂಯ್ ಅನ್ನುವ ಸದ್ದು ಕೇಳುವಷ್ಟು ಮೌನ. ಮರಿಗಳು ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಕುಡಿದ ಹಾಲನ್ನು ಗರಣೆಗರಣೆಯಾಗಿ ಕಕ್ಕಿದ್ದವು. ಹಿಂದಿನಿಂದ ಹಳದಿ ನೀರು ಸುಮ್ಮನೆ ಸೋರುತ್ತಿತ್ತು, ನಲ್ಲಿ ಸರಿಯಾಗಿ ನಿಲ್ಲಿಸದೆ ಹೋದ ಹಾಗೆ. ಅಮ್ಮ ನೆಲದ ಮೇಲೆ ಕೂತು ಒಂದೊಂದೇ ಮರಿಯನ್ನು ಎತ್ತಿ ಹಳೇ ಟವೆಲಿನಲ್ಲಿ ಒರೆಸುತ್ತಿದ್ದಳು. ಒರೆಸಿ ಕೆಳಗಿಟ್ಟರೆ ಮತ್ತೆ ಅದೇ.

"ನಿನ್ನೆ ಸಂಜೆ ಕುಣೀತಿದ್ವು ಕಣೋ," ಅಂದಳು ಅಮ್ಮ. "ನನ್ನ ಬೂಟಿನ ಲೇಸು ಎಳೆದು ಬಿಚ್ಚಿದ್ವು."

ಹೆಂಡತಿ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಪಶುವೈದ್ಯ ಇಲಾಖೆಗೆ ಹೊಸದಾಗಿ ಬಂದ ಹೆಂಗಸು, ದೊಡ್ಡ ಕನ್ನಡಕ, ಅದಕ್ಕಿಂತ ದೊಡ್ಡ ಗಂಟಲು. ಬಂದವಳೇ ಗೇಟಿನಲ್ಲಿ ಬೂಟು ತೊಳೆದಳು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಮರಿಗಳ ಭೇದಿಯನ್ನು ತೆಗೆದು ಸಣ್ಣ ಸೀಸೆಗಳಲ್ಲಿ ಹಾಕಿಕೊಂಡಳು, ಹೋಗುವಾಗ ಮತ್ತೆ ಬೂಟು ತೊಳೆದಳು. ಪರೀಕ್ಷೆಯ ಫಲಿತಾಂಶ ಬಂದಾಗ ಫೋನಿನಲ್ಲಿ ಹೇಳದೆ ತಾನೇ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

"ಇದು ವೈರಸ್ಸಿನಿಂದ ಬರೋ ಭೇದಿ. ಮನುಷ್ಯರಿಗೆ ಅಂಟಲ್ಲ. ಮಾಂಸ ತಿಂದೋರಿಗೂ ಏನೂ ಆಗಲ್ಲ. ದೊಡ್ಡ ಹಂದಿಗಳು ನಾಲ್ಕು ದಿನ ಭೇದಿ ಮಾಡಿ ಸುಧಾರಿಸ್ಕೊಳ್ತವೆ. ಈಗ ಹುಟ್ಟಿರೋ ಮರಿಗಳಿಗೆ ಮಾತ್ರ ತಡ್ಕೊಳೋ ಶಕ್ತಿ ಇಲ್ಲ. ಮೈಯಲ್ಲಿರೋ ನೀರೆಲ್ಲ ಹೊರಟು ಹೋಗತ್ತೆ."

"ಔಷಧಿ?" ಅಂದಳು ಹೆಂಡತಿ.

"ವೈರಸ್ಸಿಗೆ ಅಂತ ಇಲ್ಲ. ಬೆಚ್ಚಗಿಡಿ, ನೆಲ ಒಣಗಿಸಿ ಇಡಿ, ಉಪ್ಪು-ಸಕ್ಕರೆ ನೀರು ಕುಡಿಸ್ತಾ ಇರಿ. ಸ್ವಲ್ಪ ಉಳೀತವೆ, ತುಂಬ ಹೋಗ್ತವೆ. ಸುಳ್ಳು ಹೇಳಲ್ಲ ನಾನು. ಮತ್ತೆ ಒಳಗಿಂದ ಏನೂ ಹೊರಗೆ ಹೋಗಬಾರದು. ಉಗುರಿನಷ್ಟು ಹೊಲಸು ಲಾರಿ ಚಕ್ರಕ್ಕೆ ಅಂಟಿದ್ರೂ ಸಾಕು, ಇನ್ನೊಂದು ಫಾರಂ ಹೋಯ್ತು ಅಂತಲೇ."

ಅಮ್ಮನ ಮುಖ ಸಣ್ಣದಾಗಿತ್ತು. "ನಾವು ಅಷ್ಟು ಗಲೀಜಾಗಿ ಇಟ್ಟಿದ್ವಾ ಡಾಕ್ಟ್ರೇ?"

"ಅಮ್ಮಾ, ನನ್ನ ಮನೆ ಅಡುಗೆಕೋಣೆಗಿಂತ ನಿಮ್ಮ ಫಾರಂ ಚೊಕ್ಕಟವಾಗಿದೆ. ಇದು ಗಲೀಜಿನ ಮಾತಲ್ಲ."

"ಹಂಗಾದ್ರೆ ಬೇರೆಯವರಲ್ಲೂ ಇರಬೇಕಲ್ಲ?" ಹೆಂಡತಿ ಕೇಳಿದಳು. "ಎಷ್ಟು ಜನರಲ್ಲಿದೆ?"

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. "ಅದನ್ನ ಕಂಡುಹಿಡಿಯೋದೇ ಈ ವರ್ಷ ನನಗೆ ಕೊಟ್ಟಿರೋ ಕೆಲಸ. ಹುಡುಕಿದ ಕಡೆಯಲ್ಲೆಲ್ಲ ಇದು ತುಂಬ ಸಾಮಾನ್ಯ ಅಂತ ಓದಿದೀನಿ. ಇಲ್ಲಿ ಮಾತ್ರ ಯಾರನ್ನ ಕೇಳಿದ್ರೂ 'ನಮ್ಮಲ್ಲಿಲ್ಲ'. ಗೇಟಲ್ಲೇ ನಿಲ್ಲಿಸಿ ಚಹಾ ಕೊಟ್ಟು ಕಳಿಸ್ತಾರೆ. ಆದ್ರೆ ಚಳಿ ಬಂತು ಅಂದ್ರೆ ಔಷಧಿ ಅಂಗಡೀಲಿ ಮರಿಗಳಿಗೆ ಕುಡಿಸೋ ಉಪ್ಪಿನ ಪುಡಿ ಒಂದು ಪ್ಯಾಕೆಟ್ಟೂ ಸಿಗಲ್ಲ. ಎಲ್ಲರೂ ಅದನ್ನ ತಗೊಂಡೋಗಿ ಸೂಪಿಗೆ ಹಾಕ್ಕೊಳ್ತಾರೋ ಏನೋ!"

ಹೆಂಡತಿ ನಗಲಿಲ್ಲ. ಮೇಜಿನ ಮೇಲಿದ್ದ ಚಮಚವನ್ನು ತಿರುಗಿಸುತ್ತ ಕೂತಿದ್ದಳು. ಅದು ಕಡ್ಡಿ ಗೀರುವ ಮುಂಚಿನ ಗಳಿಗೆ ಅಂತ ನನಗೆ ಗೊತ್ತಿತ್ತು.

ಮರುದಿನ ಹಾರನ್ ಬಂದ. ಹಾರನ್ ಅಂದರೆ ನಮ್ಮ ಹಂದಿ ಸಾಕುವವರ ಸಂಘದ ಲಾರಿ ಡ್ರೈವರ್. ಬಾಯಲ್ಲಿ ಹೇಳಬೇಕಾದ್ದನ್ನೆಲ್ಲ ಹಾರನ್ನಿನಲ್ಲೇ ಹೇಳುವವನು. ಒಂದು ಫಾರಮ್ಮಿನಿಂದ ಇನ್ನೊಂದಕ್ಕೆ ಹೋಗಿ ಬೆಳೆದ ಹಂದಿಗಳನ್ನು ತುಂಬಿಕೊಂಡು ಕಸಾಯಿಖಾನೆಗೆ ಸಾಗಿಸುವುದು ಅವನ ಕೆಲಸ. ಗೇಟಿನ ಮುಂದೆ ನಿಂತು ಒಂದೇ ಸಮ ಬಾರಿಸಿದ. ಹೆಂಡತಿ ಹೋಗಿ ಗೇಟಿಗೆ ಬೀಗ ಹಾಕಿ ಅದರ ಮುಂದೆ ಬಕೆಟ್ಟು ಬೋರಲು ಹಾಕಿಕೊಂಡು ಕೂತಳು.

"ಅಕ್ಕಾ, ತೆಗೀರಿ. ನಿಮ್ಮದಾದ ಮೇಲೆ ಇನ್ನೂ ಬೇರೆ ಕಡೆ ಹೋಗಬೇಕು."

"ಅದಕ್ಕೇ ತೆಗೆಯಲ್ಲ. ನಮ್ಮ ಮರಿಗಳಿಗೆ ರೋಗ ಬಂದಿದೆ. ಇಲ್ಲಿಂದ ಒಂದು ಹಂದೀನೂ ಹೊರಗೆ ಹೋಗಲ್ಲ, ನಿನ್ನ ಚಕ್ರಾನೂ ಒಳಗೆ ಬರಲ್ಲ. ಅಂದಹಾಗೆ, ಲಾರಿ ತೊಳೆದು ಎಷ್ಟು ದಿನ ಆಯ್ತು?"

"ಲಾರಿ ತೊಳೆಯೋದಾ? ನಾನು ಸ್ನಾನ ಮಾಡೇ ಎಷ್ಟು ದಿನ ಆಯ್ತೋ!"

"ಹಂಗಾದ್ರೆ ಇಬ್ಬರೂ ಒಟ್ಟಿಗೆ ತೊಳ್ಕೊಳಿ. ಹೋಗು."

ಅವನು ಹೋದ. ಸುದ್ದಿ ಅವನಿಗಿಂತ ಮುಂಚೆ ಹೋಯಿತು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ನಮ್ಮಣ್ಣ ಬಂದ.

ಅಣ್ಣ ಆ ಸಂಘದ ಅಧ್ಯಕ್ಷ. ಅವನನ್ನು ಕೆಟ್ಟವನು ಅಂತ ಯಾರಾದರೂ ಅಂದುಕೊಂಡರೆ ಅದು ನನ್ನ ಹೇಳುವಿಕೆಯ ತಪ್ಪು. ಮೊದಲೆಲ್ಲ ದಲ್ಲಾಳಿ ಬಾಯಿಗೆ ಬಂದದ್ದೇ ರೇಟು, ಒಲ್ಲೆ ಅಂದರೆ ಹಂದಿ ಕೊಟ್ಟಿಗೆಯಲ್ಲೇ. ಊರೂರು ಅಲೆದು, ಕಾಲಿಗೆ ಬಿದ್ದು, ಜಗಳ ಆಡಿ ಸಂಘ ಕಟ್ಟಿದವನು ಅಣ್ಣ. ಈ ಸಂಘದ ಮರಿಗಳಿಗೆ ರೋಗ ಇಲ್ಲ ಅನ್ನೋ ಹೆಸರಿಗಾಗಿಯೇ ಈಗ ದೂರದ ವ್ಯಾಪಾರಿಗಳು ಹುಡುಕಿಕೊಂಡು ಬರುತ್ತಿದ್ದರು.

"ನೋಡಮ್ಮ," ಅಂದ ಹೆಂಡತಿಗೆ, ಊಟಕ್ಕೆ ಕೂರದೆ ನಿಂತುಕೊಂಡೇ. "ಸತ್ತವನ್ನ ಹಿಂದೆ ಹೂತುಬಿಡು, ಸುಣ್ಣ ಹಾಕು. ಮುಂದಿನ ವಾರ ವ್ಯಾಪಾರಿಗಳು ಬಂದು ಹೋಗೋವರೆಗೆ ಬಾಯಿಗೆ ಬೀಗ ಹಾಕ್ಕೋ. ಇಷ್ಟೇ ನಾನು ಕೇಳ್ತಿರೋದು."

"ಹೂಳೋದು ಹೂತಿದೀನಿ ಭಾವ. ಸುಣ್ಣಾನೂ ಹಾಕಿದೀನಿ. ಬಾಯಿಗೆ ಬೀಗ ಹಾಕೋದು ಮಾತ್ರ ಆಗಲ್ಲ."

"ನಿನ್ನೊಬ್ಬಳಿಂದ ಎಲ್ಲರ ಹೊಟ್ಟೆ ಮೇಲೆ ಹೊಡೆತ ಬೀಳತ್ತೆ."

"ಈ ರೋಗ ನನ್ನ ಫಾರಮ್ಮಿಗೆ ಎಲ್ಲಿಂದ ಬಂತು ಭಾವ? ಆಕಾಶದಿಂದ ಉದುರಿತಾ? ಇನ್ನೊಬ್ಬರು ಯಾರೋ ಬಾಯಿಗೆ ಬೀಗ ಹಾಕ್ಕೊಂಡಿದ್ದಕ್ಕೇ ಬಂತು."

ಅಣ್ಣ ನನ್ನ ಕಡೆ ತಿರುಗಿದ. "ಲೋ, ನಿನ್ನ ಹೆಂಡ್ತಿಗೆ ಸ್ವಲ್ಪ ಹೇಳೋ."

"ಏನಂತ ಹೇಳಲಿ?" ಅಂದೆ. ಅಮ್ಮ ಒಳಗಿನಿಂದ, "ಊಟ ಮಾಡೋದಾದ್ರೆ ಕೂತ್ಕೋ, ಇಲ್ಲಾಂದ್ರೆ ಬಾಗಿಲು ಮುಚ್ಕೊಂಡು ಹೋಗು, ಚಳಿ ಬರ್ತಿದೆ," ಅಂದಳು. ಅಣ್ಣ ಬಾಗಿಲು ಮುಚ್ಚದೆ ಹೋದ.

ಅವತ್ತು ಸಂಜೆಯೇ ಹೆಂಡತಿ ನನ್ನ ಅಂಗಡಿಗೆ ಬಂದಳು. ತಗಡಿನ ಹಾಳೆ ಬೇಕು, ಕಂಬಿಯ ಚೌಕಟ್ಟು ಬೇಕು, ಗೇಟಿಗೆ ಹೊಂದಬೇಕು. ನಾನು ಮಾಡಿಕೊಟ್ಟೆ. ಕೆಂಪು ಬಣ್ಣದಲ್ಲಿ ಅವಳೇ ಬರೆದಳು: 'ನಮ್ಮಲ್ಲಿ ರೋಗ ಇದೆ. ಹಂದಿಮರಿಗಳ ಭೇದಿ. ಒಳಗೆ ಬರಬೇಡಿ, ಬಂದರೆ ಚಕ್ರ, ಬೂಟು ತೊಳೆದು ಬನ್ನಿ.' ರಸ್ತೆಯ ಆ ಬದಿಯಿಂದಲೂ ಓದಬಹುದಾದಷ್ಟು ದಪ್ಪ ಅಕ್ಷರ.

ಓದಿದರು. ರಸ್ತೆಯ ಆ ಬದಿಯಿಂದಲೇ ಓದಿ ಆ ಬದಿಯಲ್ಲೇ ನಡೆದು ಹೋದರು. ಮೇವಿನ ಅಂಗಡಿಯವನು ಮೂಟೆಗಳನ್ನು ತಿರುವಿನಲ್ಲೇ ಇಳಿಸಿ ಓಡಿದ. ಬೇಕರಿಯಾಕೆ ಅಮ್ಮನಿಗೆ ಬ್ರೆಡ್ಡನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ತಳ್ಳಿದಳಂತೆ. ಅಮ್ಮ ಸುಮ್ಮನೆ ಬರುವವಳಾ? "ನನಗೆ ಭೇದಿ ಇಲ್ಲ ಕಣಮ್ಮ, ಬೇಕಾದ್ರೆ ಡಾಕ್ಟ್ರ ಹತ್ರ ಬರೆಸ್ಕೊಂಡು ಬರ್ತೀನಿ," ಅಂತ ಅಂಗಡಿ ತುಂಬ ಜನರಿದ್ದಾಗ ಗಟ್ಟಿಯಾಗಿ ಹೇಳಿ ಬಂದಳು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೋರ್ಡು ಚರಂಡಿಯಲ್ಲಿ ಬಿದ್ದಿತ್ತು, ಚೌಕಟ್ಟು ಮುರಿದಿತ್ತು. ಹೆಂಡತಿ ಅದನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ನನ್ನ ಬೆಸುಗೆಯನ್ನು ಯಾರೋ ಮುರಿದಿದ್ದರಲ್ಲ! ಸೇತುವೆಗೆ ಹಾಕುವಂಥ ದಪ್ಪ ಪೈಪು ತಂದು, ಗೇಟಿನ ಪಕ್ಕ ಗುಂಡಿ ತೋಡಿ, ಕಾಂಕ್ರೀಟು ಹಾಕಿ ನಿಲ್ಲಿಸಿದೆ. ಈಗ ಅದನ್ನು ಬೀಳಿಸಬೇಕಾದರೆ ಹಾರನ್ನಿನ ಲಾರಿಯೇ ಬೇಕು, ಲಾರಿಯೂ ಉಳಿಯುವುದಿಲ್ಲ.

ಒಳಗೆ ಮರಿಗಳು ಸಾಯುತ್ತಲೇ ಇದ್ದವು. ಹೆಂಡತಿ, ಅಮ್ಮ ಸರದಿಯ ಮೇಲೆ ಸಿರಿಂಜಿನಲ್ಲಿ ಉಪ್ಪು-ಸಕ್ಕರೆ ನೀರು ಹನಿಸುತ್ತಿದ್ದರು. ಒಣ ಹೊಟ್ಟು ಹಾಸುತ್ತಿದ್ದರು, ತೆಗೆಯುತ್ತಿದ್ದರು, ಮತ್ತೆ ಹಾಸುತ್ತಿದ್ದರು. ನಾನು ಹೆಚ್ಚಿನ ಬಲ್ಬುಗಳಿಗೆ ಕಂಬಿ ಹೊಡೆದುಕೊಟ್ಟೆ. ಹಾಲು ಕುಡಿಯುವವರಿಲ್ಲದೆ ತಾಯಿ ಹಂದಿಗಳು ಮೂತಿಯಿಂದ ನೆಲ ಕೆರೆಯುತ್ತಿದ್ದವು. ಹೆಂಡತಿ ಹೊರಗೆ ಬೆಂಕಿ, ಒಳಗೆ ಬಂದು ಬಲ್ಬಿನ ಕೆಳಗೆ ಕೂತು ಸತ್ತ ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅತ್ತು, ಮೂಗೊರೆಸಿಕೊಂಡು, ಮುಂದಿನ ಮರಿಗೆ ನೀರು ಹನಿಸುತ್ತಿದ್ದಳು.

ಇಂಥದರಲ್ಲಿ ಒಂದು ಮಧ್ಯಾಹ್ನ ಅತ್ತಿಗೆ ಬಂದರು, ಅಣ್ಣನ ಹೆಂಡತಿ. ಗೇಟಿನ ಆಚೆಯೇ ನಿಂತು, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು, ನನ್ನ ಹೆಂಡತಿಯನ್ನು ಕರೆದರು. ನಾನು ಅಂಗಡಿಯಲ್ಲಿದ್ದೆ, ಎಲ್ಲ ಕೇಳಿಸಿತು.

"ಮರಿಗಳಿಗೆ ಹೇಗೆ ನೀರು ಕುಡಿಸ್ತಿದೀಯ? ನಮ್ಮವು ಕಕ್ಕಿಬಿಡ್ತವೆ."

ಹೆಂಡತಿ ಗೇಟಿಗೆ ಇನ್ನಷ್ಟು ಹತ್ತಿರ ಹೋದಳು. "ಯಾವಾಗಿಂದ ಅಕ್ಕಾ?"

"ನಿಮ್ಮದಕ್ಕಿಂತ ಮುಂಚೆ." ಅತ್ತಿಗೆ ಸೆರಗನ್ನು ಇನ್ನಷ್ಟು ಎಳೆದುಕೊಂಡರು. "ಅವರು ಯಾರಿಗೂ ಹೇಳಬೇಡ ಅಂದ್ರು. ಒಬ್ಬಳೇ ನೋಡ್ಕೊಂಡು ಸಾಕಾಗಿ ಹೋಗಿದೆ ಕಣೇ."

ನನ್ನ ಹೆಂಡತಿ ಈಗ ಹತ್ತಿಕೊಳ್ಳುತ್ತಾಳೆ ಅಂದುಕೊಂಡೆ. ಇಲ್ಲ. ಮನೆಗೆ ಹೋಗಿ ಇನ್ನೂ ಬಳಸದ ಸಿರಿಂಜುಗಳನ್ನೂ ಎರಡು ಬಲ್ಬುಗಳನ್ನೂ ತಂದು ಗೇಟಿನ ಮೇಲಿಂದ ಕೊಟ್ಟಳು. ಒಂದೇ ಸಲ ಹೊಟ್ಟೆ ತುಂಬ ಕುಡಿಸಬಾರದು, ಆಗಾಗ ಹನಿ ಹನಿ ಕೊಡಬೇಕು ಅಂತ ಕೈಯಲ್ಲಿ ತೋರಿಸಿ ಹೇಳಿಕೊಟ್ಟಳು. ಅತ್ತಿಗೆ ಹೋದ ಮೇಲೆ ನಾನು, "ಭಾನುವಾರ ಸಂಘದ ಸಭೆ ಇದೆಯಲ್ಲ, ನಿನ್ನನ್ನ ತೆಗೆದು ಹಾಕೋಕೇ ಕರೆದಿರೋದು. ಅಲ್ಲಿ ಇದನ್ನ ಹೇಳಿಬಿಡು, ಅಣ್ಣನ ಬಾಯಿ ಮುಚ್ಚತ್ತೆ," ಅಂದೆ.

ಅವಳು ನನ್ನನ್ನು ನೋಡಿದ ನೋಟಕ್ಕೆ ವೆಲ್ಡಿಂಗ್ ಕನ್ನಡಕ ಹಾಕಿಕೊಳ್ಳಬೇಕಿತ್ತು. "ಅಕ್ಕ ನನ್ನನ್ನ ನಂಬಿ ಬಂದಿದಾರೆ. ನಾನು ಗೆಲ್ಲೋದಕ್ಕೆ ಅವರನ್ನ ಬೀದಿಗೆ ತರ್ಲಾ? ನನ್ನದನ್ನ ನಾನು ಹೇಳ್ತೀನಿ. ಅವರದನ್ನ ಅವರು ಹೇಳಲಿ, ಬಿಡಲಿ."

ಭಾನುವಾರ ಸಂಘದ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ನಮ್ಮ ಮೂವರ ಅಕ್ಕಪಕ್ಕದ ಕುರ್ಚಿಗಳು ಮಾತ್ರ ಖಾಲಿ. ಅಮ್ಮ ಒಂದರ ಮೇಲೆ ಕೈಚೀಲ, ಇನ್ನೊಂದರ ಮೇಲೆ ಕೊಡೆ ಇಟ್ಟು, "ಆರಾಮಾಗಿದೆ," ಅಂದಳು.

ಅಣ್ಣ ವೇದಿಕೆಯ ಮೇಲಿಂದ ಮಾತಾಡಿದ. ಸಂಘ ಹೇಗೆ ಕಟ್ಟಿದ್ದು, ಹೆಸರು ಹೇಗೆ ಬಂದದ್ದು ಎಲ್ಲ ಹೇಳಿ, "ಇಷ್ಟು ಫಾರಂಗಳಲ್ಲಿ ರೋಗ ಇರೋದು ಒಂದೇ ಕಡೆ. ಅದನ್ನ ಬೋರ್ಡು ಹಾಕಿ ಡಂಗುರ ಸಾರಿ ಎಲ್ಲರ ಮುಖಕ್ಕೆ ಮಸಿ ಬಳೀತಿದಾರೆ," ಅಂದ. ನಮ್ಮ ಕಡೆ ನೋಡದೆ ಅಂದ.

ಹೆಂಡತಿ ಎದ್ದಳು. ಹಿಂದಿನವರಿಗೆ ಕಾಣಿಸದೆ ಯಾರೋ, "ನಿಂತ್ಕೊಂಡು ಮಾತಾಡಿ," ಅಂದರು.

"ನಿಂತೇ ಇದೀನಿ," ಅಂದಳು. ಯಾರೋ ಕಿಸಕ್ಕನೆ ನಕ್ಕರು. ಅವಳು ಕುರ್ಚಿ ಹತ್ತಿ ನಿಂತಳು.

"ನಮ್ಮಲ್ಲಿ ರೋಗ ಇದೆ. ಹುಟ್ಟಿದ ಮರಿಗಳಲ್ಲಿ ಮುಕ್ಕಾಲು ಪಾಲು ಸತ್ತಿವೆ. ನಾನು ಅತ್ತಿದೀನಿ. ಇದರಲ್ಲಿ ನಾಚಿಕೆ ಪಡೋದು ಯಾವುದು ಹೇಳಿ, ಅದನ್ನ ಮಾತ್ರ ಮುಚ್ಚಿಡ್ತೀನಿ. ನೆಗಡಿ ಬಂದ್ರೆ ನೆಗಡಿ ಅಂತೀವಿ. ಮನೆ ಮಕ್ಕಳಿಗೆ ಭೇದಿ ಆದ್ರೆ ಪಕ್ಕದ ಮನೆಯವರಿಗೆ ಕೂಗಿ ಹೇಳ್ತೀವಿ. ಹಂದಿಗೆ ಬಂದ್ರೆ ಮಾತ್ರ ಯಾಕೆ ಕಳ್ಳತನ ಮಾಡಿದವರ ಹಾಗೆ ಆಡಬೇಕು? ಡಾಕ್ಟರಮ್ಮ ಎಷ್ಟು ಕಡೆ ಇದೆ ಅಂತ ಲೆಕ್ಕ ಹಾಕೋಕೆ ಬಂದ್ರೆ ಚಹಾ ಕೊಟ್ಟು ಕಳಿಸ್ತೀರಿ. ಎಲ್ಲಿದೆ ಅಂತ ಗೊತ್ತಿಲ್ದೆ ತಡೆಯೋದು ಹೇಗೆ? ನನ್ನನ್ನ ತೆಗೆದು ಹಾಕಿ, ಪರವಾಗಿಲ್ಲ. ಆದ್ರೆ ವೈರಸ್ಸಿಗೆ ಸಂಘದ ಸದಸ್ಯತ್ವ ಬೇಕಾಗಿಲ್ಲ. ಅದು ಹಾಗೇ ಒಳಗೆ ಬರತ್ತೆ."

"ಸಾಕು, ಇಳೀರಿ!" ಅಂತ ಒಬ್ಬ ಕೂಗಿದ. "ಬೋರ್ಡು ತೆಗೀರಿ!" ಅಂತ ಇನ್ನೊಬ್ಬ.

"ತೆಗೆಯಲ್ಲ."

ಆಗ ಚಹಾದ ಮೇಜಿನ ಹತ್ತಿರ ಏನೋ ಸದ್ದಾಯಿತು. ಅತ್ತಿಗೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಮುಂದೆ ಬಂದಿದ್ದರು. ಎಂದೂ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವರಲ್ಲ.

"ನಮ್ಮಲ್ಲೂ ಇದೆ," ಅಂದರು.

ಅಣ್ಣನ ಮುಖ ಬಿಳುಚಿತು. "ನೀನು ಸುಮ್ನೆ ಕೂತ್ಕೋ."

"ಸುಮ್ನೆ ಕೂತೂ ಕೂತೂ ಸಾಕಾಗಿದೆ. ಎಲ್ಲರಿಗಿಂತ ಮುಂಚೆ ನಮ್ಮಲ್ಲೇ ಬಂದಿದ್ದು. ಅವಳು ನನಗೆ ನೀರು ಕುಡಿಸೋದು ಹೇಳಿಕೊಟ್ಟಳು, ಬಲ್ಬು ಕೊಟ್ಟಳು. ಇವತ್ತು ಇಲ್ಲಿ ನನ್ನ ಹೆಸರು ಹೇಳಿದ್ರೆ ಗೆದ್ದುಬಿಡ್ತಿದ್ದಳು, ಹೇಳಲಿಲ್ಲ. ಅದಕ್ಕೇ ನಾನೇ ಹೇಳ್ತಿದೀನಿ."

ಗೋಡೆಯ ಹತ್ತಿರ ನಿಂತಿದ್ದ ಗಡ್ಡದ ತಾತ ಕೆಮ್ಮಿ, "ನಮ್ಮಲ್ಲಿ ಹೋದ ವರ್ಷಾನೇ ಬಂದಿತ್ತು," ಅಂದ. ಅವನ ಮಗ ಅವನ ತೋಳು ಹಿಡಿದು ಎಳೆದ. ಅಷ್ಟೇ ನೋಡಿ, ಇಡೀ ಸಭೆ ಎದ್ದು ನಿಂತಿತು. ನೀನು ಯಾಕೆ ಹೇಳಲಿಲ್ಲ, ನಿನ್ನಿಂದಲೇ ನಮಗೆ ಬಂತು, ನಿನ್ನಪ್ಪನಿಂದ ಬಂತು ಅಂತ ಒಬ್ಬರ ಮೇಲೊಬ್ಬರು ಬಿದ್ದರು. ಕುರ್ಚಿ ಮುರಿಯಿತು. ಆ ಗಲಾಟೆಯಲ್ಲೇ ಯಾರೋ ಕೈ ಎತ್ತಿಸಿದರು. ನನ್ನ ಹೆಂಡತಿಯನ್ನು ಸಂಘದಿಂದ ತೆಗೆದು ಹಾಕಿದರು. ಗಡ್ಡದ ತಾತನ ಮಗನೂ ಕೈ ಎತ್ತಿದ. ಅಣ್ಣ ಮಾತ್ರ ಎತ್ತಲಿಲ್ಲ; ಮೇಜಿನ ಮೇಲೆ ಎರಡೂ ಕೈ ಊರಿ ಅತ್ತಿಗೆಯನ್ನೇ ನೋಡುತ್ತ ನಿಂತಿದ್ದ.

ಹೊರಗೆ ಬಂದು ನಾನು, "ಸೋತೆವಲ್ಲ," ಅಂದೆ.

"ಯಾರು?" ಅಂದಳು ಹೆಂಡತಿ.

ಆ ವಾರದಿಂದಲೇ ಡಾಕ್ಟರಮ್ಮನ ಆಫೀಸಿನ ಬಾಗಿಲಿಗೆ ಜನ ಬರತೊಡಗಿದರು. ಸಭೆಯಲ್ಲಿ ಕೈ ಎತ್ತಿದ್ದವರೇ. ಜಾಮ್ ಬಾಟಲಿಯಲ್ಲಿ ಮರಿಗಳ ಭೇದಿ ತುಂಬಿ, ಪೇಪರು ಸುತ್ತಿ, ಸುತ್ತಮುತ್ತ ನೋಡಿ ಮೇಜಿನ ಮೇಲಿಟ್ಟು ಹೋಗುತ್ತಿದ್ದರಂತೆ. "ಹೀಗೆ ತರಬಾರದು, ನಾನೇ ಬರ್ತೀನಿ," ಅಂತ ಅವಳು ಒಂದೊಂದು ಫಾರಮ್ಮಿಗೂ ಹೋದಳು. ಈಗ ಗೇಟು ತೆಗೆದರು. ಅತ್ತಿಗೆ ಮೊದಲು ತೆಗೆದರಂತೆ, ಅಣ್ಣ ಮನೆಯಲ್ಲಿದ್ದಾಗಲೇ.

ಚಳಿ ಮುಗಿಯುವ ಹೊತ್ತಿಗೆ ಲೆಕ್ಕ ಸಿಕ್ಕಿತು. ಪರೀಕ್ಷೆ ಮಾಡಿದ ಫಾರಂಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಕಡೆ ಆ ವೈರಸ್ಸು ಇತ್ತು. ಕೆಲವು ಕಡೆ ಬಂದು ಹೋಗಿತ್ತು, ಕೆಲವು ಕಡೆ ಮನೆ ಮಾಡಿಕೊಂಡು ಕೂತಿತ್ತು. ಹೆಂಡತಿ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳ ಕಣ್ಣು ಕೆಂಪಾದವು. "ಅರ್ಧಕ್ಕಿಂತ ಹೆಚ್ಚು! ಇಷ್ಟು ಜನಕ್ಕೂ ಗೊತ್ತಿತ್ತು, ಒಬ್ಬರಾದ್ರೂ ಬಾಯಿ ಬಿಟ್ಟಿದ್ರೆ ಆ ಲಾರೀನ ನಾನು ಮುಂಚೆನೇ ನಿಲ್ಲಿಸ್ತಿದ್ದೆ," ಅಂದಳು. ಡಾಕ್ಟರಮ್ಮ ಸಮಾಧಾನ ಹೇಳಲು ಹೋಗಲಿಲ್ಲ. ಇಬ್ಬರೂ ಸೇರಿ ಒಂದು ಪಾತ್ರೆ ಚಹಾ ಖಾಲಿ ಮಾಡಿದರು.

ವ್ಯಾಪಾರಿಗಳು ತಡವಾಗಿ ಬಂದರು, ಆದರೆ ಬಂದರು. ಅವರು ಸುತ್ತಿದ ಬೇರೆ ಊರುಗಳಲ್ಲೂ ಅದೇ ಕಥೆಯಂತೆ. ಅಲ್ಲಿ ಹೇಳುವವರಿಲ್ಲ, ಇಲ್ಲಿ ಯಾವ ಫಾರಂ ಚೊಕ್ಕಟ, ಯಾವುದು ಅಲ್ಲ ಅಂತ ಗೊತ್ತು. ಅವರಿಗೆ ಅದೇ ಅನುಕೂಲವಾಯಿತು.

ಅಣ್ಣ ಬಂದದ್ದು ಅದಾದ ಮೇಲೆ. ಗೇಟಿನ ಹತ್ತಿರ ನಿಂತು, ಬೂಟು ತೊಳೆದುಕೊಳ್ಳುತ್ತ, ತಲೆ ಎತ್ತದೆ ಮಾತಾಡಿದ. "ಸಂಘಕ್ಕೆ ವಾಪಸ್ ಬಾ. ಎಲ್ಲರೂ ಒಪ್ತಾರೆ. ಆದ್ರೆ ಒಂದು ಸಲ ತಪ್ಪಾಯ್ತು ಅನ್ನಬೇಕಂತೆ ನೀನು."

"ಯಾವುದಕ್ಕೆ ಭಾವ?"

"ಬೋರ್ಡಿಗೆ."

"ಅನ್ನಲ್ಲ."

"ನನಗೆ ಗೊತ್ತಿತ್ತು." ಅಣ್ಣ ಬ್ರಷ್ಷು ಕೆಳಗಿಟ್ಟ. "ನಮ್ಮನೇಲಿ ಅವಳು ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ, ಅದು ಬೇರೆ. ಏನು ಬೇಕು ನಿನಗೆ?"

"ನನಗೇನೂ ಬೇಡ. ಕಸಾಯಿಖಾನೆ ಹತ್ರ ಲಾರಿ ತೊಳೆಯೋ ಜಾಗ ಮಾಡಿ. ಬಿಸಿನೀರು, ಬ್ರಷ್ಷು, ಕ್ರಿಮಿ ಕೊಲ್ಲೋ ಮದ್ದು. ತೊಳೆಯದ ಲಾರಿಗೆ ಯಾರೂ ಗೇಟು ತೆಗೆಯಬಾರದು. ಯಾರಿಗೆ ರೋಗ ಬಂದ್ರೂ ಅವತ್ತೇ ಹೇಳಬೇಕು. ಇಷ್ಟು ಮಾಡಿ, ನನ್ನನ್ನ ಹೊರಗೇ ಇಟ್ಕೊಳಿ."

ಅಣ್ಣ ಲಾರಿ ತೊಳೆಯುವ ಜಾಗ ಮಾಡಿಸಿದ. ಕಂಬಿ ಕೆಲಸ ನನ್ನದೇ. ಹಾರನ್ ಮೊದಲ ಸಲ ತೊಳೆದ ಲಾರಿ ತಂದಾಗ, ಅದು ನೀಲಿ ಬಣ್ಣದ್ದು ಅಂತ ಎಲ್ಲರಿಗೂ ಗೊತ್ತಾಯಿತು. ಅವತ್ತೇ ಹೇಳಬೇಕು ಅನ್ನುವ ಮಾತನ್ನು ಕೆಲವರು ಪಾಲಿಸುತ್ತಾರೆ, ಕೆಲವರು ಇನ್ನೂ ಕದ್ದು ಹೂಳುತ್ತಾರೆ. ಹೆಂಡತಿ ತಪ್ಪಾಯಿತು ಅಂದಿಲ್ಲ, ಅವರೂ ಸೇರಿಸಿಕೊಂಡಿಲ್ಲ. ರೋಗ ಕಂಡು ಚೇತರಿಸಿಕೊಂಡ ತಾಯಿ ಹಂದಿಗಳು ಆಮೇಲೆ ಹಾಕಿದ ಮರಿಗಳು ಹೆಚ್ಚು ಉಳಿದವು. ಅವುಗಳ ಹಾಲಿನಲ್ಲೇ ತಡೆಯುವ ಶಕ್ತಿ ಬರುತ್ತದಂತೆ.

ಈಗ ಹೊಸದೊಂದು ಶುರುವಾಗಿದೆ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಇನ್ನೊಂದು ಊರಿಗೆ ಲೆಕ್ಕ ಹಾಕಲು ಹೊರಟಿರುವ ಡಾಕ್ಟರಮ್ಮ, ಮಾತಾಡಲು ನನ್ನ ಹೆಂಡತಿಯನ್ನೂ ಕರೆದಿದ್ದಾಳೆ. ಅಲ್ಲಿನ ಸಂಘದವರೊಬ್ಬರು ಫೋನ್ ಮಾಡಿ, "ನಮ್ಮ ಕಡೆ ಆ ರೋಗದ ಸುದ್ದೀನೇ ಇಲ್ಲ, ನೀವು ಸುಮ್ನೆ ಯಾಕೆ ಬರ್ತೀರಿ?" ಅಂದರು.

"ಹಂಗಾದ್ರೆ ಖಂಡಿತ ಬರ್ತೀನಿ," ಅಂದಳು ಇವಳು.

ಇವತ್ತು ಬೆಳಿಗ್ಗೆ ಬಸ್ಸು ಹತ್ತಿಸಿ ಬಂದೆ. ಅಮ್ಮನೂ ಹೋದಳು, ಯಾರಾದರೂ ಜೋರು ಮಾಡಿದರೆ ಇರಲಿ ಅಂತ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಮರಿಗಳಿಗೆ ಹೊಟ್ಟು ಬದಲಿಸು, ಹಿಂದಿನ ಕೊಟ್ಟಿಗೆಯ ನೀರು ನೋಡು ಅಂತ ಬಸ್ಸು ಹೊರಟ ಮೇಲೂ ಇಬ್ಬರೂ ಕೂಗುತ್ತಲೇ ಇದ್ದರು. ಅಂಗಡಿಗೆ ಬೀಗ ಹಾಕಿ ಫಾರಮ್ಮಿಗೆ ಹೋಗುತ್ತಿದ್ದೇನೆ.